ಅಳಿಯನ ಸಂಬಳ ಲೆಕ್ಕಕ್ಕಿಲ್ಲ, ಮಗಳ ಪೇ ಸ್ಲಿಪ್ಪೇ ಆಧಾರ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನಲ್ಲಿರುವ ಹುಡುಗ ಅಥವಾ ಹುಡುಗಿಯ ಜೊತೆ ಸಂಬಂಧ ಬೆಳೆಸುವವರಿಗೆ ಒಂದು ವಿಷಯ ಮದುವೆಗೆ ಮುಂಚೆಯೇ ಗೊತ್ತಿರಬೇಕು. ಅದಕ್ಕೇ ಈ ಪತ್ರ. ಇಲ್ಲಿನ ಪ್ರಜೆಯಾಗಲಿ, ಇಲ್ಲಿ ಕಾಯಂ ನೆಲೆಸುವ ಹಕ್ಕು ಪಡೆದವರಾಗಲಿ, ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳಬೇಕಾದರೆ ವರ್ಷಕ್ಕೆ 29,000 ಪೌಂಡ್ ಆದಾಯ ತೋರಿಸಬೇಕು. ತೆರಿಗೆ ಕಳೆಯುವ ಮುಂಚಿನ ಮೊತ್ತ ಇದು. ಅಷ್ಟು ಸಂಬಳ ಇದ್ದರೆ ಸಾಲದು, ಅವರು ಕೇಳಿದ ಕಾಗದಗಳಲ್ಲಿ, ಅವರು ಹೇಳಿದಷ್ಟು ತಿಂಗಳ ಮಟ್ಟಿಗೆ ಅದು ಕಾಣಬೇಕು. ಎಡವಟ್ಟಾಗುವುದು ಇಲ್ಲೇ.

ನಾನು ಕೊವೆಂಟ್ರಿಯಲ್ಲಿದ್ದೇನೆ, ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಮಗಳು ಇಲ್ಲೇ ಓದಿ ಬೆಳೆದವಳು, ಬ್ರಿಟಿಷ್ ಪಾಸ್‌ಪೋರ್ಟ್ ಇದೆ. ಅಳಿಯ ಊರಿನಲ್ಲಿ ಸಿವಿಲ್ ಇಂಜಿನಿಯರ್. ಮದುವೆ ಮಾತುಕತೆಯಲ್ಲಿ ಎರಡೂ ಕಡೆಯವರು ಅವನ ಸಂಬಳ, ಅವನ ಕಂಪನಿ, ಅವರ ಸೈಟು, ತೋಟ ಎಲ್ಲ ಮಾತಾಡಿದರು. ಮಗಳ ಸಂಬಳದ ಬಗ್ಗೆ ಯಾರೂ ಜಾಸ್ತಿ ಕೇಳಲಿಲ್ಲ. ವೀಸಾ ಕೊಡುವವರು ಕೇಳಿದ್ದು ಪೂರ್ತಿ ಉಲ್ಟಾ. ಅಳಿಯ ಭಾರತದಲ್ಲಿ ಎಷ್ಟೇ ದುಡಿಯಲಿ, ಮೊದಲ ವೀಸಾ ಅರ್ಜಿಗೆ ಆ ಸಂಬಳ ಲೆಕ್ಕಕ್ಕೇ ಬರುವುದಿಲ್ಲ. ಇಲ್ಲಿಗೆ ಬಂದ ಮೇಲೆ ಇಂಥ ಕಡೆ ಕೆಲಸ ಸಿಗುತ್ತದೆ ಎಂದು ಪತ್ರ ತೋರಿಸಿದರೂ ಅಷ್ಟೇ.

ನನಗೆ ತುಂಬಾ ನೋವಾಗುವುದು ಈ ನಿಯಮದಿಂದಲೇ. ಸಂಸಾರ ನಡೆಸುವವರು ಇಬ್ಬರು. ಓದಿದ, ಕೈಯಲ್ಲಿ ಕೆಲಸವಿರುವ ಒಬ್ಬ ಮನುಷ್ಯನ ದುಡಿಮೆಯನ್ನು ಸೊನ್ನೆ ಎಂದು ಬರೆದುಕೊಂಡು, ಇವರಿಗೆ ಬದುಕಲು ದುಡ್ಡು ಸಾಲದು ಎನ್ನುವುದು ಯಾವ ನ್ಯಾಯ? ಇನ್ನೊಂದು ವಿಚಿತ್ರ ನೋಡಿ. ಅವನ ಹೆಸರಿನಲ್ಲಿ ಊರಿನಲ್ಲಿ ಬಾಡಿಗೆಗೆ ಕೊಟ್ಟ ಮನೆ ಇದ್ದರೆ ಆ ಬಾಡಿಗೆ ಲೆಕ್ಕಕ್ಕೆ ಬರುತ್ತದೆ. ಅವನ ಬ್ಯಾಂಕಿನಲ್ಲಿರುವ ಉಳಿತಾಯವೂ ಬರುತ್ತದೆ. ಬೆವರು ಸುರಿಸಿ ತಿಂಗಳು ತಿಂಗಳು ತರುವ ಸಂಬಳ ಮಾತ್ರ ಬರುವುದಿಲ್ಲ.

ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ. ಮಗಳು ಒಂದು ಔಷಧಿ ಅಂಗಡಿಯಲ್ಲಿದ್ದಳು, ವರ್ಷಕ್ಕೆ 25,000 ಪೌಂಡ್. ಮದುವೆಯಾದ ಮೇಲೆ 30,000 ಪೌಂಡಿನ ಬೇರೆ ಕೆಲಸ ಸಿಕ್ಕಿತು. ಇನ್ನೇನು ಅರ್ಜಿ ಹಾಕುವುದೇ ಎಂದು ಎಲ್ಲರೂ ಖುಷಿಪಟ್ಟರು. ಆದರೆ ಒಂದೇ ಕಡೆ ಆರು ತಿಂಗಳು ದುಡಿದಿರಬೇಕು, ಆ ಆರು ತಿಂಗಳಲ್ಲಿ ಸಂಬಳ ಎಲ್ಲೂ ಮಿತಿಗಿಂತ ಕೆಳಗೆ ಇಳಿದಿರಬಾರದು. ಆರು ತಿಂಗಳು ಆಗಿರದಿದ್ದರೆ ಇನ್ನೊಂದು ದಾರಿ ಇದೆ. ಈಗಿನ ಸಂಬಳ 29,000 ಮುಟ್ಟಬೇಕು, ಜೊತೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ದುಡಿದ ಒಟ್ಟು ಸಂಬಳವೂ ಅಷ್ಟಾಗಬೇಕು. ಹಳೇ ಕೆಲಸದ ಸಂಬಳ ಕಡಿಮೆ ಇದ್ದದ್ದರಿಂದ ಆ ಲೆಕ್ಕ ಕೂಡಲಿಲ್ಲ. ಹೊಸ ಕೆಲಸದಲ್ಲಿ ಆರು ತಿಂಗಳು ತುಂಬುವವರೆಗೆ ಕಾಯಬೇಕಾಯಿತು. ಸಂಬಳ ಜಾಸ್ತಿಯಾಗಿ ಗಂಡ ಹೆಂಡತಿ ಮತ್ತೂ ಅಷ್ಟು ದಿನ ದೂರ ಇದ್ದರು.

ಆಮೇಲೆ ಕಂಪನಿಯ ಪತ್ರ. ಆರು ತಿಂಗಳ ಪೇ ಸ್ಲಿಪ್, ಅದೇ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಅದರಲ್ಲಿ ಅದೇ ಸಂಬಳ ಬಿದ್ದಿರುವುದು ಕಾಣಬೇಕು. ಇವುಗಳ ಜೊತೆ ಕೆಲಸ ಕೊಟ್ಟವರ ಪತ್ರ. ಮಗಳ ಕಂಪನಿಯವರು ಮೊದಲು ಕೊಟ್ಟ ಪತ್ರದಲ್ಲಿ 'ಇವರು ನಮ್ಮಲ್ಲಿ ಕೆಲಸ ಮಾಡುತ್ತಿದ್ದಾರೆ' ಎಂದಷ್ಟೇ ಇತ್ತು. ಕೆಲಸ ಯಾವ ತರಹದ್ದು, ಯಾವಾಗಿನಿಂದ, ಸಂಬಳ ಎಷ್ಟು, ಅಷ್ಟು ಸಂಬಳ ಯಾವಾಗಿನಿಂದ ಕೊಡುತ್ತಿದ್ದೇವೆ, ಇಷ್ಟೂ ಬರೆದಿರಬೇಕು. ಅವಳು ಹೋಗಿ ಕೇಳಿ, ವಿವರಿಸಿ, ಮತ್ತೆ ಬರೆಸಿಕೊಂಡು ಬಂದಳು. ಕಾಗದಗಳು ಹಳೆಯದಾಗುವಂತೆಯೂ ಇಲ್ಲ, ಅವುಗಳಲ್ಲಿನ ಕೊನೆಯ ಲೆಕ್ಕ ಅರ್ಜಿ ಹಾಕುವ ದಿನಕ್ಕೆ 28 ದಿನಕ್ಕಿಂತ ಹಿಂದಿನದಾಗಿರಬಾರದು. ಒಂದು ಪತ್ರ ಸರಿಮಾಡಿಸುವಷ್ಟರಲ್ಲಿ ಇನ್ನೊಂದು ಹಳೆಯದಾಗುತ್ತದೆ.

ಮಗಳು ನಮ್ಮ ಜೊತೆಯಲ್ಲೇ ಇದ್ದಾಳೆ, ಬಾಡಿಗೆ ಇಲ್ಲ, ಊಟದ ಖರ್ಚಿಲ್ಲ. ಅಳಿಯನೂ ಇಲ್ಲೇ ಇರುತ್ತಾನೆ, ನಾವು ನೋಡಿಕೊಳ್ಳುತ್ತೇವೆ ಎಂದು ನಾನೂ ನಮ್ಮವರೂ ಬರೆದುಕೊಡಲು ತಯಾರಿದ್ದೆವು. ಅದು ನಡೆಯುವುದಿಲ್ಲ. ಅಪ್ಪ ಅಮ್ಮನ ಸಂಬಳ, ಅಪ್ಪ ಅಮ್ಮನ ಭರವಸೆ ಸಾಮಾನ್ಯ ಅರ್ಜಿಯಲ್ಲಿ ಲೆಕ್ಕಕ್ಕಿಲ್ಲ. 2017ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಮಿತಿ ಇಡುವುದನ್ನು ಒಪ್ಪಿತು. ಆದರೆ ಮಕ್ಕಳ ಹಿತ ನೋಡಬೇಕು, ಬೇರೆ ಕಡೆಯಿಂದ ಬರುವ ಆಸರೆಯನ್ನೂ ಗಮನಿಸಬೇಕು ಎಂದಿತು. ಅದಾದ ಮೇಲೆ ನಿಯಮ ಸ್ವಲ್ಪ ಸಡಿಲವಾಯಿತು. ಅದೂ ತೀರಾ ಅಪರೂಪದ ಸಂದರ್ಭಕ್ಕೆ ಮಾತ್ರ.

ಉಳಿತಾಯ ತೋರಿಸಿ ಕೊರತೆ ತುಂಬಬಹುದು ಎಂದು ಏಜೆಂಟರು ಹೇಳುತ್ತಾರೆ. ಹೌದು, ಆದರೆ ಎಷ್ಟು ಅಂತ ಕೇಳಿ. ಮೊದಲ 16,000 ಪೌಂಡ್ ಲೆಕ್ಕಕ್ಕಿಲ್ಲ. ಅದರ ಮೇಲೆ, ಕಡಿಮೆ ಬಿದ್ದಿರುವ ಮೊತ್ತದ ಎರಡೂವರೆ ಪಟ್ಟು ಇರಬೇಕು. 25,000 ಸಂಬಳವಿದ್ದರೆ ಕೊರತೆ 4,000, ಅದಕ್ಕೆ ಬೇಕಾಗುವ ಉಳಿತಾಯ 26,000 ಪೌಂಡ್. ಆದಾಯವೇ ಇಲ್ಲದಿದ್ದರೆ 88,500 ಪೌಂಡ್. ಆ ದುಡ್ಡು ಆರು ತಿಂಗಳು ದಂಪತಿಗಳ ಕೈಯಲ್ಲೇ ಇದ್ದಿರಬೇಕು. ಯಾರಾದರೂ ಕಾಣಿಕೆಯಾಗಿ ಕೊಟ್ಟಿದ್ದರೆ ಪರವಾಗಿಲ್ಲ, ಸಾಲ ತಂದದ್ದಾಗಿರಬಾರದು. ಅರ್ಜಿಯ ಹಿಂದಿನ ವಾರ ಮಾವನವರು ದುಡ್ಡು ಹಾಕಿದರೆ ಏನೂ ಪ್ರಯೋಜನವಿಲ್ಲ. ಸ್ವಂತ ವ್ಯಾಪಾರ ಮಾಡುವವರು ಆ ಆದಾಯದ ಜೊತೆ ಉಳಿತಾಯವನ್ನು ಸೇರಿಸಿ ತೋರಿಸುವಂತೆಯೂ ಇಲ್ಲ.

ಈ ಮಿತಿ 2012ರ ಜುಲೈನಿಂದ 18,600 ಪೌಂಡ್ ಇತ್ತು. 2023ರ ಡಿಸೆಂಬರ್‌ನಲ್ಲಿ 38,700ಕ್ಕೆ ಏರಿಸುತ್ತೇವೆ ಎಂದು ಆಗಿನ ಸರ್ಕಾರ ಹೇಳಿತು. ದೊಡ್ಡ ವಿರೋಧ ಬಂತು. 2024ರ ಏಪ್ರಿಲ್ 11ರಿಂದ 29,000 ಆಯಿತು. 2025ರ ಏಪ್ರಿಲ್‌ನಲ್ಲಿ ಇಲ್ಲಿನ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್ ಆಯಿತು. ಆ ಕೂಲಿಗೆ ವಾರಕ್ಕೆ ಮೂವತ್ತೇಳೂವರೆ ಗಂಟೆ, ವರ್ಷಪೂರ್ತಿ ದುಡಿದರೂ ಆಗ 24,000 ಮುಟ್ಟುತ್ತಿರಲಿಲ್ಲ. ಅಂದರೆ ಸರ್ಕಾರ ತಾನೇ ನಿಗದಿ ಮಾಡಿದ ಕೂಲಿಗೆ ಪೂರಾ ಹೊತ್ತು ದುಡಿಯುವವರು ಕಟ್ಟಿಕೊಂಡವರನ್ನು ಕರೆಸಿಕೊಳ್ಳುವಂತಿಲ್ಲ! ನನ್ನ ಜೊತೆ ಅಡುಗೆಮನೆಯಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳೆಲ್ಲ ಈ ಗುಂಪಿನವರೇ. 2025ರ ಜೂನ್‌ನಲ್ಲಿ ಸರ್ಕಾರದ ಸ್ವಂತ ವಲಸೆ ಸಲಹಾ ಸಮಿತಿಯೇ 38,700 ಬೇಡ ಎಂದಿತು, 23,000ದಿಂದ 25,000 ಪೌಂಡಿನ ಮಟ್ಟವನ್ನೂ ಮುಂದಿಟ್ಟಿತು. ಅದನ್ನು ಒಪ್ಪಿಕೊಂಡಿದ್ದರೆ ಮಗಳ ಹಳೇ ಸಂಬಳವೇ ಸಾಕಾಗುತ್ತಿತ್ತು.

ಕೆಲಸದ ವೀಸಾದಲ್ಲಿ ಬಂದಿರುವವರ ಲೆಕ್ಕ ಬೇರೆ. ಅವರು ಗಂಡ ಹೆಂಡತಿಯನ್ನು ಕರೆಸಿಕೊಳ್ಳಲು ಈ 29,000ದ ನಿಯಮ ಇಲ್ಲ. ಆದರೆ ವೃದ್ಧರ, ರೋಗಿಗಳ ಆರೈಕೆಗೆ ಕೇರ್ ವರ್ಕರ್ ಆಗಿ 2024ರ ಮಾರ್ಚ್ 11ರಿಂದ ಈಚೆಗೆ ಅರ್ಜಿ ಹಾಕಿ ಬಂದವರು ಮನೆಯವರನ್ನು ಕರೆಸಿಕೊಳ್ಳುವಂತೆಯೇ ಇಲ್ಲ. 'ಹುಡುಗ ಯು.ಕೆ.ಯಲ್ಲಿದ್ದಾನೆ' ಎಂದರೆ ಯಾವ ವೀಸಾ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಪಾಸ್‌ಪೋರ್ಟ್ ಇದೆಯೋ, ಕಾಯಂ ಹಕ್ಕು ಸಿಕ್ಕಿದೆಯೋ, ಕೆಲಸದ ವೀಸಾವೋ ಕೇಳಿ. ಮೊದಲ ಎರಡಾದರೆ, ಈಗಿನ ಕೆಲಸಕ್ಕೆ ಸೇರಿ ಎಷ್ಟು ತಿಂಗಳಾಯಿತು ಎಂದೂ ಕೇಳಿ. ಜಾತಕ ಕೇಳುವ ನಾವು ಇದನ್ನು ಕೇಳಿದರೆ ತಪ್ಪೇನಿಲ್ಲ. ಅರ್ಜಿಗೆ ಇನ್ನೂ ಆರು ತಿಂಗಳು ತಡ ಎಂದು ಗೊತ್ತಿದ್ದರೆ ಹುಡುಗ ಕೆಲಸಕ್ಕೆ ರಾಜೀನಾಮೆ ಕೊಡುವುದಿಲ್ಲ, ಹುಡುಗಿ ಸುಮ್ನೆ ಸೂಟ್‌ಕೇಸ್ ಕಟ್ಟಿಕೊಂಡು ಕಾಯುವುದಿಲ್ಲ.

ಸಂಪಾದಕರೇ, ನಿಮ್ಮ ಪತ್ರಿಕೆಯ ವಧೂವರರ ಅಂಕಣವನ್ನು ಸಾವಿರಾರು ಮನೆಯವರು ಓದುತ್ತಾರೆ. ಅದರ ಪಕ್ಕದಲ್ಲೇ ಒಮ್ಮೆ ಇಂಗ್ಲೆಂಡ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾದ ಈ ನಿಯಮಗಳನ್ನು, ತಿಳಿದವರಿಂದ ಬರೆಸಿ, ಸರಳ ಕನ್ನಡದಲ್ಲಿ ಹಾಕಿ. ಮೊತ್ತ ಬದಲಾದಾಗ ಮತ್ತೆ ಹಾಕಿ.

ಇಂತಿ,
ಒಬ್ಬ ತಾಯಿ
ಕೊವೆಂಟ್ರಿ, ಇಂಗ್ಲೆಂಡ್