ಎಮ್ಮೆಯ ಕಿವಿಗೆ ಬಿಲ್ಲೆ ಇದೆ, ಶಾಲೆಯ ಪ್ರೊಜೆಕ್ಟರಿಗೆ ಇಲ್ಲ

ಚಿತ್ರದುರ್ಗ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಈ ಪತ್ರವನ್ನು ನಾನು ನಮ್ಮ ಕ್ಷೇತ್ರದ ಜಿಲ್ಲಾ ಪಂಚಾಯಿತಿ ಸದಸ್ಯರಿಗೆ ಬರೆಯಬೇಕಿತ್ತು. ಅವರ ಅವಧಿ 2021ರಲ್ಲೇ ಮುಗಿಯಿತು. ಖಾಲಿ ಕುರ್ಚಿಗೆ ಪತ್ರ ಬರೆಯುವುದು ಹೇಗೆ? ಹಾಗಾಗಿ ನಿಮಗೇ ಬರೆಯುತ್ತಿದ್ದೇನೆ.

ನಾನು ಹೊಳಲ್ಕೆರೆ ತಾಲ್ಲೂಕಿನವನು. ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಬೋರ್‌ವೆಲ್ ಪಂಪು, ಯುಪಿಎಸ್, ಮಿಕ್ಸಿ, ಏನು ಬಂದರೂ ಬಿಚ್ಚುತ್ತೇನೆ. ಮಗಳು ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರನೇ ತರಗತಿ ಓದುತ್ತಾಳೆ. ಆ ಬಾಬ್ತಿನಲ್ಲಿ ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯನೂ ಹೌದು. ಹೋದ ಜೂನ್‌ನಲ್ಲಿ ಮುಖ್ಯ ಶಿಕ್ಷಕಿ ಫೋನ್ ಮಾಡಿದರು: "ಸ್ಮಾರ್ಟ್ ಕ್ಲಾಸ್ ಆನೇ ಆಗ್ತಿಲ್ಲಪ್ಪ, ಒಂದ್ಸಲ ಬಂದು ನೋಡ್ತೀರಾ?"

ಟೂಲ್ ಬಾಕ್ಸ್ ಹಿಡಿದು ಹೋದೆ. ಚಾವಣಿಗೆ ಒಂದು ಪ್ರೊಜೆಕ್ಟರ್ ನೇತು ಹಾಕಿದ್ದಾರೆ. ಅದರ ಫಿಲ್ಟರ್ ಎಳೆದರೆ ಕೆಮ್ಮಣ್ಣಿನ ಬಣ್ಣದ ಧೂಳು ರೊಟ್ಟಿಯ ಹಾಗೆ ಗಟ್ಟಿಯಾಗಿ ಕೂತಿದೆ. ನಮ್ಮ ಶಾಲೆ ಇರುವುದು ಅದಿರಿನ ಲಾರಿ ಓಡಾಡುವ ರಸ್ತೆಯ ಮಗ್ಗುಲಲ್ಲಿ. ಉಸಿರು ಕಟ್ಟಿ, ಬಿಸಿಯಾಗಿ, ತಾನೇ ಆಫ್ ಆಗುತ್ತಿತ್ತು. ಬ್ಲೋವರ್ ಹಿಡಿದೆ, ಹತ್ತು ನಿಮಿಷಕ್ಕೆ ಸರಿಹೋಯಿತು, ಖರ್ಚು ಸೊನ್ನೆ. ಯುಪಿಎಸ್ ಮಾತ್ರ ಕೈಕೊಟ್ಟಿತ್ತು. ಬ್ಯಾಟರಿಯ ಟರ್ಮಿನಲ್ ಹಸಿರುಗಟ್ಟಿ, ಒಳಗಿನ ನೀರು ಪೂರಾ ಒಣಗಿತ್ತು. ಡಿಸ್ಟಿಲ್ಡ್ ವಾಟರ್ ಹಾಕಬೇಕು ಎಂದು ಆ ಶಾಲೆಯಲ್ಲಿ ಯಾರಿಗೂ ಯಾರೂ ಹೇಳಿರಲೇ ಇಲ್ಲ.

"ವಾರಂಟಿ ಇರಬಹುದು, ಕಾಗದ ಕೊಡಿ ಮೇಡಂ" ಅಂದೆ. ಕಾಗದ ಇರಲಿಲ್ಲ. ಖರೀದಿ ಮೇಲಿನ ಹಂತದಲ್ಲಿ ಆಗಿದ್ದರಿಂದ ಬಿಲ್ಲೂ ಅಲ್ಲೇ ಉಳಿದಿತ್ತು. ಪೆಟ್ಟಿಗೆಗೆ ಅಂಟಿಸಿದ್ದ ಸ್ಟಿಕ್ಕರಿನ ನಂಬರಿಗೆ ಫೋನ್ ಮಾಡಿದರೆ "ಈ ಸಂಖ್ಯೆ ಚಾಲ್ತಿಯಲ್ಲಿಲ್ಲ" ಎಂಬ ಹೆಣ್ಣುದನಿ. ಕೊನೆಗೆ ಮೇಡಂ ಬೀರು ತೆಗೆದು ದಾಸ್ತಾನು ವಹಿ ಹೊರಗೆ ತೆಗೆದರು. ಬೀರುವಿನಲ್ಲಿ ಇನ್ನೂ ಎರಡು ಪ್ರೊಜೆಕ್ಟರ್ ಕಂಡವು. ಒಂದರ ಲೆನ್ಸಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಯಾರೂ ಸುಲಿದಿರಲಿಲ್ಲ.

ಆ ವಹಿಯನ್ನು ನೀವು ಒಮ್ಮೆ ನೋಡಬೇಕು ಸರ್. ಒಂದು ಪುಟದಲ್ಲಿ "ಪ್ರೊಜೆಕ್ಟರ್ – 1". ನಾಲ್ಕು ಪುಟ ಬಿಟ್ಟು, ಬೇರೆ ಶಾಯಿಯಲ್ಲಿ, "ಪ್ರೊಜೆಕ್ಟರ್ – 1, ಗಣಿ ನಿಧಿ". ಮತ್ತೊಂದು ಕಡೆ "ಪ್ರೊಜೆಕ್ಟರ್ ಹಾಗೂ ಪರಿಕರ – 1 ಸೆಟ್". ಕಂಪನಿ ಯಾವುದು, ಸೀರಿಯಲ್ ನಂಬರ್ ಎಷ್ಟು, ವಾರಂಟಿ ಎಲ್ಲಿಯವರೆಗೆ, ಒಂದೂ ಇಲ್ಲ. ಚಾವಣಿಯಲ್ಲಿ ನೇತಾಡುತ್ತಿರುವುದು ಈ ಮೂರರಲ್ಲಿ ಯಾವುದು ಎಂದು ಹೇಳಬಲ್ಲವರು ಈ ಭೂಮಿಯ ಮೇಲೆ ಯಾರೂ ಇಲ್ಲ. ನಾಳೆ ಒಂದನ್ನು ರಿಪೇರಿಗೆಂದು ದಾವಣಗೆರೆಗೆ ಕಳಿಸಿ, ಅಲ್ಲಿಂದ ಬೇರೆಯದೇ ಹಳೇ ಡಬ್ಬ ವಾಪಸ್ ಬಂದರೂ ವಹಿಯ ಪ್ರಕಾರ ಲೆಕ್ಕ ಸರಿ.

ಅದೇ ಕೋಣೆಯ ಫ್ಯಾನು ನೋಡಿ. ಮೂರು ರೆಕ್ಕೆಯ ಮೇಲೂ ಕೊಟ್ಟವರ ಹೆಸರು, ಊರು, ಯಾರ ನೆನಪಿಗೆ ಎಂಬುದನ್ನೆಲ್ಲ ಕೆಂಪು ಬಣ್ಣದಲ್ಲಿ ಬರೆಸಿದ್ದಾರೆ. ಕೊಟ್ಟವರ ವಿವರ ಇಷ್ಟು ಚೆನ್ನಾಗಿ ದಾಖಲಿಸುವ ನಾವು ಕೊಟ್ಟ ವಸ್ತುವಿನ ವಿವರ ಒಂದು ಸಾಲೂ ಬರೆಯುವುದಿಲ್ಲ. (ಫ್ಯಾನ್ ತಿರುಗುವಾಗ ಹೆಸರು ಓದಲು ಆಗುವುದಿಲ್ಲ, ಅದು ಬೇರೆ ಮಾತು.)

ಇದನ್ನು ಓದಿ ಯಾರೋ ಕದ್ದಿದ್ದಾರೆ, ತಿಂದಿದ್ದಾರೆ ಎಂದು ನೀವು ಭಾವಿಸಬಾರದು. ನಮ್ಮ ಶಾಲೆಯಲ್ಲಿ ಕಳವಿಗಿಂತ ಹೆಚ್ಚು ಹಾಳು ಮಾಡಿರುವುದು ಭಯ. ವಸ್ತು ಶಾಲೆಗೆ ಬಂದ ದಿನ ಡೆಡ್ ಸ್ಟಾಕ್ ರಿಜಿಸ್ಟರಿಗೆ, ಅಂದರೆ ಬಾಳಿಕೆಯ ಸಾಮಾನಿನ ದಾಸ್ತಾನು ವಹಿಗೆ, ಹತ್ತುತ್ತದೆ. ಹುಟ್ಟಿದ ದಿನವೇ ಸತ್ತವರ ಪಟ್ಟಿಗೆ ಸೇರಿದ ಹಾಗೆ! ಆಮೇಲೆ ಅದನ್ನು ಅಲ್ಲಿಂದ ಇಳಿಸುವುದು ಎಂಥ ಹೆಡ್ ಮಾಸ್ಟರಿಗೂ ಸಾಧ್ಯವಿಲ್ಲ. ವರ್ಗವಾದರೆ ಚಾರ್ಜ್ (ಹೊಣೆ ಹಸ್ತಾಂತರ) ಪಟ್ಟಿಯಲ್ಲಿ ಅದನ್ನು ತೋರಿಸಬೇಕು, ನಿವೃತ್ತಿಯಾದರೆ ಬೇಬಾಕಿ ಪತ್ರಕ್ಕೆ ಅದು ಅಡ್ಡ ಬರುತ್ತದೆ. "ಕೆಟ್ಟಿದೆ" ಎಂದು ಬರೆದರೆ ಯಾಕೆ ಕೆಟ್ಟಿತು, ಯಾರು ಕೆಡಿಸಿದರು ಎಂದು ನೋಟಿಸು. ಅದಕ್ಕೇ ಜಾಣ ಹೆಡ್ ಮಾಸ್ಟರ್ ಬೀರುವಿಗೆ ಬೀಗ ಹಾಕಿ, ಹಾಗೇ ಮುಂದಿನವರ ಕೈಗೆ ಕೊಡುತ್ತಾರೆ. ಪ್ಲಾಸ್ಟಿಕ್ ಸುಲಿಯದ ಆ ಪ್ರೊಜೆಕ್ಟರ್ ಹೀಗೆ ಮೂವರ ಚಾರ್ಜ್ ದಾಟಿ ಬಂದಿದೆ. ಮಕ್ಕಳು ಮುಟ್ಟದಿದ್ದರೆ ಸುರಕ್ಷಿತ! ಈ ಬಗೆಯ ಸುರಕ್ಷತೆಗೆ ನಾನು ಯಾವ ಶಿಕ್ಷಕರನ್ನೂ ದೂರಲಾರೆ. ಅವರ ಜಾಗದಲ್ಲಿ ನಾನಿದ್ದರೂ ಬೀಗವನ್ನೇ ಹಾಕುತ್ತಿದ್ದೆ.

ನಮ್ಮ ಜಿಲ್ಲೆಯಲ್ಲಿ ಈ ಗೋಜಲು ಹೆಚ್ಚು, ಏಕೆಂದರೆ ಇಲ್ಲಿ ದುಡ್ಡು ಹಲವು ದಾರಿಯಿಂದ ಬರುತ್ತದೆ. ಸಮಗ್ರ ಶಿಕ್ಷಣ ಎಂಬ ಶಾಲಾ ಯೋಜನೆಯ ಹಣ ಕೇಂದ್ರ 60, ರಾಜ್ಯ 40ರ ಪಾಲಿನದು. ಗಣಿ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾದ ಮೇಲೆ ಗಣಿ ಗುತ್ತಿಗೆದಾರರು ರಾಜಧನದ ಜೊತೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಹಣ ಕಟ್ಟಬೇಕು. 2015ರ ಜನವರಿಗೆ ಮುಂಚಿನ ಗುತ್ತಿಗೆಯಾದರೆ ರಾಜಧನದ ಶೇ. 30ರಷ್ಟು, ಹರಾಜಿನಲ್ಲಿ ಪಡೆದದ್ದಾದರೆ ಶೇ. 10ರಷ್ಟು. ಆ ಹಣ ಹೋಗಬೇಕಾದ ಆದ್ಯತೆಯ ಬಾಬ್ತುಗಳಲ್ಲಿ ಶಿಕ್ಷಣವೂ ಒಂದು. ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳು ಕೈಯಾರೆ ಮಾಡಿ ಕಲಿಯುವ ಪ್ರಯೋಗಾಲಯ) ಸಿಕ್ಕ ಪ್ರೌಢಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ: ಸಾಮಾನಿಗೆ 10 ಲಕ್ಷ, ಐದು ವರ್ಷ ನಡೆಸುವುದಕ್ಕೆ ಉಳಿದದ್ದು. ಇವುಗಳ ಮೇಲೆ ಶಾಸಕರ ನಿಧಿ, ಕಂಪನಿಗಳ ಸಿಎಸ್‌ಆರ್, ಹಳೆಯ ವಿದ್ಯಾರ್ಥಿಗಳ ಕೊಡುಗೆ. ಒಬ್ಬೊಬ್ಬರದೂ ಒಂದೊಂದು ಕಡತ, ಒಂದೊಂದು ಫೋಟೋ, ಒಂದೊಂದು ಹಣ ಬಳಕೆ ಪ್ರಮಾಣಪತ್ರ. ಪ್ರಮಾಣಪತ್ರ ಹೇಳುವುದು ಹಣ ಖರ್ಚಾಯಿತು ಎಂದು ಮಾತ್ರ. ವಸ್ತು ಎರಡು ವರ್ಷದ ಮೇಲೆ ಏನಾಯಿತು ಎಂದು ಕೇಳುವ ಕಾಗದ ಯಾವ ಕಡತದಲ್ಲೂ ಇಲ್ಲ. ರಿಪೇರಿಗೆ ದುಡ್ಡೂ ಇಲ್ಲ. ನಮ್ಮ ಶಾಲೆಯಲ್ಲಿ 68 ಮಕ್ಕಳು. 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷದ ಸಂಯುಕ್ತ ಅನುದಾನ 25,000 ರೂಪಾಯಿ. ಎರಡು ದೊಡ್ಡ ಬ್ಯಾಟರಿ ತಂದರೆ ಅದರ ಬಹುಪಾಲು ಮುಗಿದಂತೆ. ಸೀಮೆಸುಣ್ಣ, ಸುಣ್ಣ ಬಣ್ಣ, ಶೌಚಾಲಯದ ಫಿನಾಯಿಲ್ಲಿಗೆ ಏನು ಮಾಡುವುದು?

ನಿಯಮಗಳಲ್ಲಿ ಕೊರತೆಯಿಲ್ಲ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 213ನೆಯದು ಸ್ಥಿರ ವಸ್ತುಗಳನ್ನು ವರ್ಷಕ್ಕೊಮ್ಮೆಯಾದರೂ ಕಣ್ಣಾರೆ ಕಂಡು ಎಣಿಸಿ ವಹಿಯಲ್ಲಿ ಬರೆಯಬೇಕು ಎನ್ನುತ್ತದೆ. ಪ್ರತಿ ವರ್ಷ ಯುಡೈಸ್ ಪ್ಲಸ್ (ಶಾಲೆಗಳ ಮಾಹಿತಿ ಕೂಡಿಡುವ ಕೇಂದ್ರದ ಆನ್‌ಲೈನ್ ದಾಖಲೆ) ತುಂಬುವಾಗಲೂ ಎಷ್ಟು ಸಾಧನ ಇವೆ, ಅವುಗಳಲ್ಲಿ ಕೆಲಸ ಮಾಡುವುದು ಎಷ್ಟು ಎಂದು ಕೇಳುತ್ತಾರೆ. "ಮೂರರಲ್ಲಿ ಒಂದು" ಎಂದು ತುಂಬಿದರೆ ಮುಗಿಯಿತು. ಯಾವ ಒಂದು ಎಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ.

ನಮ್ಮ ಮನೆಯಲ್ಲಿ ಒಂದು ಎಮ್ಮೆ ಇದೆ. ಕಾಲುಬಾಯಿ ಜ್ವರದ ಲಸಿಕೆ ಹಾಕಲು ಬಂದ ಪಶು ಆಸ್ಪತ್ರೆಯವರು ಅದರ ಕಿವಿಗೆ ಹಳದಿ ಬಿಲ್ಲೆ ಚುಚ್ಚಿ ಹೋದರು, 12 ಅಂಕಿಯ ಸಂಖ್ಯೆ. ಈಗ ಆ ಸಂಖ್ಯೆ ಒತ್ತಿದರೆ ಅದು ಯಾರ ಎಮ್ಮೆ, ಯಾವಾಗ ಲಸಿಕೆ ಆಯಿತು ಎಂದೆಲ್ಲ ಬರುತ್ತದೆ. ರಸ್ತೆಯ ಬದಿಯ ಟ್ರಾನ್ಸ್‌ಫಾರ್ಮರಿಗೂ ಬೆಸ್ಕಾಂನವರು ನಂಬರ್ ಬರೆದಿದ್ದಾರೆ. ಸುಟ್ಟು ಹೋದಾಗ ನಾವು ಆ ನಂಬರ್ ಹೇಳಿಯೇ ದೂರು ಕೊಡುವುದು. ಶಾಲೆಗೆ 11 ಅಂಕಿಯ ಯುಡೈಸ್ ಸಂಖ್ಯೆ ಈಗಾಗಲೇ ಇದೆ. ಅದರ ಬಾಲಕ್ಕೆ ಮೂರು ಅಂಕಿ ಸೇರಿಸಿ ಪ್ರತಿ ವಸ್ತುವಿನ ಮೈಮೇಲೆ ಬರೆಸಿ ಎಂಬುದಷ್ಟೇ ನನ್ನ ಕೋರಿಕೆ. ಕಾಗದದ ಸ್ಟಿಕ್ಕರ್ ಬೇಡ, ಒಂದು ಬೇಸಿಗೆಗೆ ಉದುರುತ್ತದೆ. ಎನಾಮೆಲ್ ಬಣ್ಣವೇ ವಾಸಿ. ಯಾವ ನಿಧಿಯಿಂದ ಬಂದರೂ ಸಂಖ್ಯೆಯ ಸಾಲು ಒಂದೇ ಇರಲಿ. ಹೊಸ ಸಾಮಾನು ಇಳಿಸುವವರು ಬಿಲ್ಲಿನ ನಕಲು, ಸೀರಿಯಲ್ ನಂಬರ್, ವಾರಂಟಿ ಕಾಗದ ಮೂರನ್ನೂ ಶಾಲೆಗೆ ಕೊಟ್ಟು ಮುಖ್ಯ ಶಿಕ್ಷಕರ ಸಹಿ ಪಡೆದ ಮೇಲೆಯೇ ಅವರ ಹಣ ಪಾವತಿಯಾಗಲಿ.

ದಯವಿಟ್ಟು ಇದಕ್ಕೊಂದು ಹೊಸ ಆ್ಯಪ್ ಮಾಡಿಸಬೇಡಿ. ಮೇಡಂ ಅವರ ಮೊಬೈಲಿನಲ್ಲಿ ಈಗ ಇರುವ ಆ್ಯಪ್‌ಗಳಿಗೇ ಜಾಗ ಸಾಲುತ್ತಿಲ್ಲ.

ಇನ್ನು ಎಣಿಕೆ. ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ. ಊರವರ ಎದುರು ಲೆಕ್ಕ ಓದಿ, ಕಾಮಗಾರಿ ತೋರಿಸುತ್ತಾರೆ. ಅದೇ ದಿನ ಶಾಲೆಯ ವಹಿಯನ್ನೂ ಬಿಚ್ಚಲಿ, ಎಸ್‌ಡಿಎಂಸಿಯವರು ಬೀರು ತೆರೆದು ತೋರಿಸಲಿ. ಕೆಟ್ಟದ್ದು ಕಂಡರೆ ನೋಟಿಸ್ ಬೇಡ. ಆಯುಷ್ಯ ಮುಗಿದದ್ದನ್ನು ವಹಿಯಿಂದ ಇಳಿಸಲು ತಾಲ್ಲೂಕಿಗೊಂದು ದಿನ ಗೊತ್ತು ಮಾಡಿ, ಒಂದೇ ಸಹಿಗೆ ಮುಗಿಯುವಂತೆ ಆದೇಶ ಹೊರಡಿಸಿ. ಸತ್ತ ಮಾನಿಟರು, ಸಿಪಿಯುಗಳನ್ನು ತೂಕಕ್ಕೆ ಗುಜರಿಗೆ ಹಾಕುವ ಹಾಗಿಲ್ಲ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಂತೆ ನೋಂದಾಯಿತ ಮರುಸಂಸ್ಕರಣೆದಾರರಂಥ ಅಧಿಕೃತರಿಗೇ ಒಪ್ಪಿಸಬೇಕು. ಒಂದೊಂದು ಶಾಲೆ ಇದನ್ನು ಮಾಡಲಾರದು. ಜಿಲ್ಲಾ ಪಂಚಾಯಿತಿ ಒಂದು ಲಾರಿ ಕಳಿಸಿದರೆ ಆರೂ ತಾಲ್ಲೂಕಿನ ಬೀರುಗಳು ಹಗುರಾಗುತ್ತವೆ.

ಹೇಳುವುದಕ್ಕಿಂತ ಮಾಡಿ ನೋಡೋಣವೆಂದು ಹೋದ ತಿಂಗಳು ಒಂದು ಶನಿವಾರ ನಾನೂ ಇನ್ನಿಬ್ಬರು ಸದಸ್ಯರೂ ಬಣ್ಣದ ಡಬ್ಬಿ ಹಿಡಿದು ಶಾಲೆಗೆ ಹೋದೆವು. ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಶುರು ಮಾಡಿ ಸಂಜೆ ಐದಕ್ಕೆ ಮುಗಿಸಿದೆವು. 41 ವಸ್ತುಗಳಿಗೆ ನಂಬರ್ ಬಿತ್ತು. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಒಂದಕ್ಕೊಂದು ಪುಟ. ಮಗಳೂ ಅವಳ ಗೆಳತಿಯರೂ ಬಲ್ಬ್ ಹಿಡಿದು ಸೀರಿಯಲ್ ನಂಬರ್ ಓದಿ ಹೇಳಿದರು, ನಾನು ಬರೆದುಕೊಂಡೆ. ಕೆಟ್ಟವುಗಳಲ್ಲಿ ಆರನ್ನು ನಾನೇ ಸರಿ ಮಾಡಿದೆ: ಒಂದಕ್ಕೆ ಫ್ಯೂಸ್, ಒಂದಕ್ಕೆ ವೈರು, ಮಿಕ್ಕದ್ದು ಬರೀ ಧೂಳು. ವಹಿಯಲ್ಲಿದ್ದು ಶಾಲೆಯಲ್ಲಿ ಸಿಗದ ವಸ್ತು ಮೂರು. ಶಾಲೆಯಲ್ಲಿದ್ದು ವಹಿಯಲ್ಲಿ ಇಲ್ಲದ್ದು ಒಂದು, ಒಂದು ಲೇಸರ್ ಪ್ರಿಂಟರ್. ಹಳೆಯ ಬಿಸಿಯೂಟದ ಅಕ್ಕಿ ಚೀಲಗಳ ಹಿಂದೆ, ಪೆಟ್ಟಿಗೆಯ ಸಮೇತ ಇತ್ತು.

ನೋಟ್‌ಬುಕ್ಕಿನ ಜೆರಾಕ್ಸ್ ಲಗತ್ತಿಸಿದ್ದೇನೆ. ಆ ಪ್ರಿಂಟರ್ ಯಾವ ನಿಧಿಯದು ಎಂದು ನಿಮ್ಮ ಕಚೇರಿಯಲ್ಲಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಲು ಹೇಳಿ. ಟೋನರ್ ಹಾಕಿಸಲೋ ಬೇಡವೋ ಎಂದು ಮೇಡಂ ಕಾಯುತ್ತಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಸರ್ಕಾರಿ ಶಾಲೆಯೊಂದರ ಎಸ್‌ಡಿಎಂಸಿ ಸದಸ್ಯ,
ಹೊಳಲ್ಕೆರೆ ತಾಲ್ಲೂಕು