ಬಲಗಣ್ಣಿನ ಋಣ

ಕಳೆದ ಭಾನುವಾರ ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ಬೈಬಲಿನ ಸಮುವೇಲನ ಮೊದಲನೆಯ ಗ್ರಂಥದ 31ನೆಯ, ಕೊನೆಯ ಅಧ್ಯಾಯ ಓದಿ ಮುಗಿಯಿತು. ಶುರುಮಾಡಿ ಹದಿನಾಲ್ಕು ತಿಂಗಳಾಗಿತ್ತು. ಕೊನೆಯ ವಚನಗಳನ್ನು ನಾನೇ ಓದಿದೆ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು. ಓದಿ ಮುಗಿಸಿದ ಮೇಲೆ ಗಂಟಲು ಕಟ್ಟಿತು. ಅಂದು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಸ್ರಾಯೇಲ್ಯರಿಗೂ ಅವರ ನೆರೆಯ ಶತ್ರುಗಳಾದ ಫಿಲಿಷ್ಟಿಯರಿಗೂ ನಡೆದ ಯುದ್ಧಗಳನ್ನು ಕ್ರಮವಾಗಿ ಓದೋಣವೆಂದು ಹಠ ಹಿಡಿದವಳು ನಾನು. ದಾವೀದನು ಕವಣೆಕಲ್ಲಿನಿಂದ ಕೆಡವಿದ ದೈತ್ಯ ಗೊಲ್ಯಾತನ ಕಥೆ ಮಕ್ಕಳಿಗೂ ಗೊತ್ತು. ಅದರ ಹಿಂದುಮುಂದಿನ ಸೋಲುಗಳನ್ನು ಯಾರೂ ಹೇಳುವುದಿಲ್ಲ. ಮೂರು ಅಧ್ಯಾಯ ಮುಗಿಯುವಷ್ಟರಲ್ಲಿ ನನ್ನ ಬಲಗಣ್ಣಿನ ರೆಟಿನಾ ಕಳಚಿತು. ಶಸ್ತ್ರಚಿಕಿತ್ಸೆಯ ನಂತರ ಹಗಲೂ ರಾತ್ರಿ ಮುಖ ಕೆಳಗೆ ಮಾಡಿಕೊಂಡೇ ಇರಬೇಕೆಂದರು ವೈದ್ಯರು. ಓದು ನಿಂತೇಹೋಯಿತು ಎಂದುಕೊಂಡೆ. ಆದರೆ ಆ ಭಾನುವಾರ ನಾಲ್ಕು ಗಂಟೆಗೆ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಕೇಳಿತು. ಒಬ್ಬರಲ್ಲ, ಹನ್ನೊಂದು ಮಂದಿ.

ಅಂದು 4ನೆಯ ಅಧ್ಯಾಯ ಓದಿದವನು ಪಿಯುಸಿ ಹುಡುಗ. ಅಫೇಕಿನ ಬಳಿ ಮೊದಲ ಕಾಳಗದಲ್ಲಿ ಇಸ್ರಾಯೇಲ್ಯರ ಸುಮಾರು 4,000 ಮಂದಿ, ಎರಡನೆಯದರಲ್ಲಿ 30,000 ಮಂದಿ ಬಿದ್ದರು. ದೇವರ ಆಜ್ಞೆಗಳ ಕಲ್ಲಿನ ಹಲಗೆಗಳಿದ್ದ ಪವಿತ್ರ ಪೆಟ್ಟಿಗೆ, ಒಡಂಬಡಿಕೆಯ ಮಂಜೂಷ, ಫಿಲಿಷ್ಟಿಯರ ಕೈಸೇರಿತು. ಶೀಲೋವಿನಲ್ಲಿ ಯಾಜಕನಾದ ಏಲಿ ದಾರಿಯ ಬದಿಯ ಪೀಠದ ಮೇಲೆ ಕುಳಿತಿದ್ದ. ವಯಸ್ಸು 98, ಕಣ್ಣು ಕಾಣದು. ಊರಿನ ಗೋಳಾಟ ಅವನಿಗೆ ಕಿವಿಯಿಂದ ಮುಟ್ಟಿತು. ಮಕ್ಕಳಿಬ್ಬರೂ ಸತ್ತರೆಂಬ ಮಾತು ಕೇಳಿಯೂ ಕುಳಿತೇ ಇದ್ದವನು, ಮಂಜೂಷ ಹೋಯಿತೆಂದ ಕ್ಷಣ ಹಿಂದಕ್ಕೆ ಬಿದ್ದ. ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಆ ವಚನಗಳನ್ನು ಎಷ್ಟು ಸಲ ಓದಿದ್ದೆನೋ! ನೆಲ ನೋಡುತ್ತ ಮಲಗಿ ಕೇಳಿದ ಅಂದೇ ಆ ಮುದುಕನ ಕಿವಿ ನನಗೆ ಸಿಕ್ಕಿತು.

ಆಮೇಲೆ ಯಾರಿಗೂ ಬಿಡುವು ಕೊಡಲಿಲ್ಲ ನಾನು. ಎರಡು ಗಂಟೆಗೊಮ್ಮೆ ಕಣ್ಣಿಗೆ ಔಷಧಿ ಹಾಕಿದ ನಾದಿನಿಗೆ, ರೊಟ್ಟಿ ಪಲ್ಯ ಕಳಿಸಿದ ಓಣಿಯ ಮನೆಗಳಿಗೆ, ಹುಬ್ಬಳ್ಳಿಯ ಆಸ್ಪತ್ರೆಗೆ ಏಳು ಬಾರಿ ಕರೆದೊಯ್ದ ಹುಡುಗರಿಗೆ ಕೈಮುಗಿಯುತ್ತೇನೆ.

ನಮ್ಮ ಓಣಿಯ ತುದಿಯ ಕುಲುಮೆಯ ಅಜ್ಜನನ್ನು ಬೇರೆಯಾಗಿಯೇ ನೆನೆಯಬೇಕು. ಅವರು ನಮ್ಮ ಸಭೆಯವರಲ್ಲ. 13ನೆಯ ಅಧ್ಯಾಯದಲ್ಲಿ ಒಂದು ಮಾತು ಬರುತ್ತದೆ: ಇಸ್ರಾಯೇಲ್ ದೇಶದಲ್ಲೆಲ್ಲೂ ಕಮ್ಮಾರನಿರಲಿಲ್ಲ, ಕತ್ತಿ ಈಟಿ ಮಾಡಿಕೊಂಡಾರೆಂದು ಫಿಲಿಷ್ಟಿಯರು ಬಿಟ್ಟಿರಲಿಲ್ಲ. ನೇಗಿಲ ಗುಳ, ಕೊಡಲಿ, ಗುದ್ದಲಿ ಹರಿತಮಾಡಿಸಲು ಶತ್ರುಗಳ ಊರಿಗೇ ಇಳಿದುಹೋಗಬೇಕು. ಗುಳಕ್ಕೆ ಕೂಲಿ ಒಂದು ‘ಪಿಮ್’. ಇಡೀ ಸತ್ಯವೇದದಲ್ಲಿ ಈ ಪದ ಬರುವುದು ಅಲ್ಲಿ ಮಾತ್ರ. ಬಹುಕಾಲ ಅದರ ಅರ್ಥ ತಿಳಿಯದೆ ಕೆಲವು ಭಾಷಾಂತರಕಾರರು ಅದನ್ನು ಲೋಹ ಉಜ್ಜುವ ಅರವೆಂದು ತಿಳಿದಿದ್ದರು. ಆಮೇಲೆ ಅದೇ ಅಕ್ಷರಗಳನ್ನು ಕೊರೆದ ಪುಟ್ಟ ತೂಕದ ಕಲ್ಲುಗಳು ನೆಲದಲ್ಲಿ ಸಿಕ್ಕವು: ಎಂಟು ಗ್ರಾಮಿಗೆ ತುಸು ಕಡಿಮೆ, ಆ ಕಾಲದ ತೂಕವಾದ ಶೇಕೆಲಿನ ಮೂರರಲ್ಲಿ ಎರಡು ಪಾಲು. ಅಷ್ಟು ತೂಕದ ಬೆಳ್ಳಿ! ಅಜ್ಜನಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. “ನಮ್ಮಪ್ಪ ಸುಗ್ಗಿಯಲ್ಲಿ ಆಯದ ಕಾಳು ತೆಗೆದುಕೊಳ್ಳುತ್ತಿದ್ದ, ವರ್ಷವೆಲ್ಲ ಕುಡ ಬಡಿದುಕೊಡುತ್ತಿದ್ದ. ಬೆಳೆ ಹೋದ ವರ್ಷ ಕೇಳುತ್ತಲೇ ಇರಲಿಲ್ಲ” ಎಂದರು. ಮುಂದಿನ ವಾರ ಬಂದು, ಮೊಂಡಾದ ಕುಡಗೋಲೊಂದನ್ನೂ ಹದ ಹಾಕಿದ್ದೊಂದನ್ನೂ ನನ್ನ ಕೈಗಿಟ್ಟರು. ಕಣ್ಣು ಮುಚ್ಚಿಯೇ ಬೆರಳಾಡಿಸಿ ನೋಡಿದೆ. ಆ ಅಧ್ಯಾಯಕ್ಕೆ ಅದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಬೇಕಿಲ್ಲ.

ಈಗ 31ನೆಯ ಅಧ್ಯಾಯ. ಗಿಲ್ಬೋವ ಬೆಟ್ಟದಲ್ಲಿ ಇಸ್ರಾಯೇಲಿನ ಮೊದಲ ಅರಸ ಸೌಲನೂ ಮೂವರು ಮಕ್ಕಳೂ ಸತ್ತರು. ಫಿಲಿಷ್ಟಿಯರು ಅವನ ಶವವನ್ನು ಬೇತ್‌ಷೆಯಾನಿನ ಗೋಡೆಗೆ ತೂಗುಹಾಕಿದರು. ಸೋತ ಅರಸನಿಂದ ಇನ್ನು ಯಾರಿಗೂ ಏನೂ ಸಿಗುವಂತಿರಲಿಲ್ಲ. ಆದರೂ ಯಾಬೇಷ್ ಗಿಲ್ಯಾದಿನ ಶೂರರು ಯೊರ್ದನ್ ನದಿಯ ಆಚೆಯಿಂದ ರಾತ್ರಿಯೆಲ್ಲಾ ನಡೆದು ಬಂದು ಶವಗಳನ್ನು ಇಳಿಸಿದರು, ಎಲುಬುಗಳನ್ನು ಮರದ ಕೆಳಗೆ ಹೂಳಿ ಏಳು ದಿನ ಉಪವಾಸವಿದ್ದರು. ಯಾಕೆ ಬಂದರೆಂಬುದು 11ನೆಯ ಅಧ್ಯಾಯದಲ್ಲಿದೆ. ಅಮ್ಮೋನಿಯರ ಅರಸನಾದ ನಾಹಾಷನು ಆ ಊರಿನವರೆಲ್ಲರ ಬಲಗಣ್ಣನ್ನು ಕಿತ್ತುಹಾಕುತ್ತೇನೆಂದಾಗ, ಓಡಿಬಂದು ಉಳಿಸಿದವನು ಸೌಲ.

ಇದನ್ನು ಓದುವಾಗ ನನ್ನ ಬಲಗಣ್ಣಿಗೆ ಸಾಲುಗಳು ನಡುವೆ ತುಸು ಬಾಗಿ ಕಾಣುತ್ತಿದ್ದವು. ಇನ್ನು ಹಾಗೆಯೇ ಇರಬಹುದು ಎಂದಿದ್ದಾರೆ. ಪರವಾಗಿಲ್ಲ, ಕಾಣುತ್ತವೆ. ದೇವರಿಗೆ ಸ್ತೋತ್ರ.

ಮುಂದಿನ ಭಾನುವಾರ ನಾಲ್ಕಕ್ಕೆ ಎರಡನೆಯ ಗ್ರಂಥ ಹಿಡಿಯುತ್ತೇವೆ. ಅದರ ಎರಡನೆಯ ಅಧ್ಯಾಯದಲ್ಲಿ, ಯೆಹೂದದ ಅರಸನಾದ ದಾವೀದನು ಯಾಬೇಷಿನವರಿಗೆ ದೂತರ ಮೂಲಕ ಆಶೀರ್ವಾದವನ್ನೂ ಉಪಕಾರ ಸ್ಮರಣೆಯನ್ನೂ ಹೇಳಿಕಳುಹಿಸುತ್ತಾನೆ. ಆ ವಚನಗಳನ್ನು ಓದುವ ಸರದಿ ನನಗೇ ಇರಲಿ. ಕುಲುಮೆಯ ಅಜ್ಜನೂ ಬರುತ್ತಾರಂತೆ. ಅವರಿಗೊಂದು ಕುರ್ಚಿ ಹಾಕಿಡಿ, ಮೊಣಕಾಲು ನೋವು, ಕೆಳಗೆ ಕೂರಲಾಗದು.