ನಾಯಿ ಡಬ್ಬಿಯಲ್ಲಿ ಇನ್ನು ದ್ರಾಕ್ಷಿ ಇರುವುದಿಲ್ಲ

ಮುಂಬೈಯ ಮಾಟುಂಗಾದ ನಮ್ಮ ಗಿರಾಕಿಗಳೆಲ್ಲರಿಗೂ ನಮಸ್ಕಾರ.

ಸೋಮವಾರದಿಂದ ನಾಯಿಗಳ ಹಣ್ಣಿನ ಡಬ್ಬಿಯಲ್ಲಿ ದ್ರಾಕ್ಷಿ, ಒಣದ್ರಾಕ್ಷಿ ಎರಡೂ ಇರುವುದಿಲ್ಲ. ಅವು ನಾಯಿಯ ಮೂತ್ರಪಿಂಡ ಕೆಡಿಸಬಹುದು, ಅದಕ್ಕೇ. ಬೆಲೆ 60 ರೂಪಾಯಿಯಿಂದ 75 ಆಗುತ್ತದೆ.

ದುಬಾರಿ ದ್ರಾಕ್ಷಿ ತೆಗೆದು ಕಲ್ಲಂಗಡಿ ತುಂಬಿ, ಮೇಲಿಂದ ರೇಟೂ ಏರಿಸಿದರು ಎಂಬ ಮಾತು ನಮ್ಮ ಕಿವಿಗೂ ಬಿದ್ದಿದೆ. ನೋವಾಯಿತು. ಸೇಬಿನ ಬೀಜ ಅರೆದರೆ ಸಯನೈಡ್ ಹುಟ್ಟುತ್ತದೆ, ಹಾಗಾಗಿ ಪ್ರತಿ ಸೇಬಿನ ನಡುಭಾಗ ಕೊರೆದು ಎಸೆಯುತ್ತೇವೆ. ಕಲ್ಲಂಗಡಿಯ ಬೀಜ ಒಂದೊಂದಾಗಿ ಹೆಕ್ಕಬೇಕು. ಮಾವಿನ ಗೊರಟು ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳುತ್ತದೆ, ತಿರುಳಷ್ಟೇ ಹಾಕುತ್ತೇವೆ. ಇದಕ್ಕೆಂದೇ ಬೆಳಗಿನ ಜಾವ ಒಬ್ಬ ಹುಡುಗ ಬರುತ್ತಾನೆ. ಚಾಕು, ಹಲಗೆ ಎಲ್ಲ ಬೇರೆ. ವಾಶಿ ಮಾರ್ಕೆಟ್ಟಿನ ಟೆಂಪೊ ಬಾಡಿಗೆ ನಾವು ಏರಿಸಿದ್ದಲ್ಲ. ಆ 15 ರೂಪಾಯಿಯಲ್ಲಿ ನಮ್ಮ ಕೈಗೆ ಏನೂ ಉಳಿಯುವುದಿಲ್ಲ.

“ನಮ್ಮ ನಾಯಿ ಇಷ್ಟು ವರ್ಷ ದ್ರಾಕ್ಷಿ ತಿಂದಿದೆ, ಏನೂ ಆಗಿಲ್ಲವಲ್ಲ?” ಗಲ್ಲೆಯ ಮುಂದೆ ದಿನಕ್ಕೆ ನಾಲ್ಕು ಸಲವಾದರೂ ಇದನ್ನೇ ಕೇಳುತ್ತೀರಿ. ನೀವು ಹೇಳುವುದು ನಿಜವೇ. ಒಂದು ನಾಯಿ ಹಿಡಿ ತುಂಬ ತಿಂದು ಜೀರ್ಣಿಸಿಕೊಂಡೀತು, ಇನ್ನೊಂದಕ್ಕೆ ನಾಲ್ಕೇ ಹಣ್ಣಿಗೆ ಮೂತ್ರಪಿಂಡ ಕೈಕೊಟ್ಟೀತು. ಇಷ್ಟು ತಿಂದರೆ ಅಪಾಯವಿಲ್ಲ ಎಂದು ಯಾವ ಡಾಕ್ಟರೂ ಬರೆದುಕೊಡುವುದಿಲ್ಲ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಪಶುವೈದ್ಯರು ಶಂಕಿಸುತ್ತಾರೆ. ಅದು ಹಣ್ಣಿನಿಂದ ಹಣ್ಣಿಗೆ ಹೆಚ್ಚುಕಡಿಮೆ, ಆದ್ದರಿಂದ ನಿನ್ನೆ ಏನೂ ಆಗಲಿಲ್ಲವೆಂದು ಇವತ್ತು ಧೈರ್ಯ ಮಾಡುವಂತಿಲ್ಲ. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಇದೆ. ನಮ್ಮವರ ಮನೆಗಳಲ್ಲಿ ಉಳಿದ ಹುಳಿ-ಅನ್ನ ನಾಯಿಯ ತಟ್ಟೆಗೆ ಹೋಗುವುದು ರೂಢಿ. ದಯವಿಟ್ಟು ಅದನ್ನೂ ನಿಲ್ಲಿಸಿ.

ಅಕಸ್ಮಾತ್ ತಿಂದುಬಿಟ್ಟರೆ ಕಾಯುತ್ತ ಕೂರಬೇಡಿ. ವಾಂತಿ, ಮಂಕು, ಊಟ ಬೇಡವೆನ್ನುವುದು ಒಂದು ದಿನದೊಳಗೆ ಕಾಣಬಹುದು; ಮೂತ್ರ ಕಡಿಮೆಯಾಗುವ ಹೊತ್ತಿಗೆ ತಡವಾಗಿರುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಬೇಗ ಕರೆದೊಯ್ದರೆ ಡಾಕ್ಟರು ವಾಂತಿ ಮಾಡಿಸಿ, ಡ್ರಿಪ್ ಹಾಕುತ್ತಾರೆ. ನಿಮ್ಮ ಡಾಕ್ಟರು ಸಿಗದಿದ್ದರೆ ಪರೇಲ್‌ನ ಪ್ರಾಣಿಗಳ ಆಸ್ಪತ್ರೆ ದೂರವಿಲ್ಲ.

ಇಷ್ಟು ದಿನ ಡಬ್ಬಿಯ ಮೇಲೆ ಚೆಂದಕ್ಕೆಂದು ನಾಲ್ಕು ದ್ರಾಕ್ಷಿ ಇಟ್ಟವರು ನಾವೇ. ಮೊದಲೇ ಕೇಳಿ ತಿಳಿದುಕೊಳ್ಳಬೇಕಿತ್ತು, ತಿಳಿದುಕೊಳ್ಳಲಿಲ್ಲ. ಕ್ಷಮಿಸಿ. ಆದರೆ ಹಳಸಿದ ಹಣ್ಣನ್ನು ಒಂದು ದಿನವೂ ಹಾಕಿಲ್ಲ, ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇವೆ.

ಬಾಳೆ, ಪಪ್ಪಾಯಿ, ಸೇಬು, ಕಲ್ಲಂಗಡಿ ಎಂದಿನಂತೆ ಬರುತ್ತವೆ. ನಂಬಿಕೆ ಬಾರದಿದ್ದರೆ ಬೆಳಿಗ್ಗೆ ಆರಕ್ಕೆ ಅಂಗಡಿಗೆ ಬನ್ನಿ, ಹೆಚ್ಚುವಾಗ ಪಕ್ಕದಲ್ಲೇ ನಿಂತು ನೋಡಿ. ನಾಯಿಯನ್ನೂ ಕರೆತನ್ನಿ.

ಇಂತಿ,
ನಿಮ್ಮ ಹಣ್ಣಿನಂಗಡಿಯವರು